ನಿಮ್ಮ ಕಚೇರಿಯ ಬಿಸಿಗಾಳಿ, ನಮ್ಮ ಮನೆಯ ಕಿಟಕಿ

ಭೂತಾಪ ತಗ್ಗಿಸುವ ಕಚೇರಿಯ ನಿರ್ದೇಶಕರಿಗೆ,

ಮಾನ್ಯರೇ,

ಭೂಮಿಯ ತಾಪ ತಗ್ಗಿಸುವ ಹೊಣೆ ಹೊತ್ತ ತಮ್ಮ ಕಚೇರಿ, ಆ ತಾಪವನ್ನೆಲ್ಲ ಒಟ್ಟುಗೂಡಿಸಿ ನನ್ನ ಮಲಗುವ ಕೋಣೆಗೆ ವರ್ಗಾವಣೆ ಮಾಡುತ್ತಿದೆ. ನನ್ನ ದೂರು ಇಷ್ಟೇ. ತಮ್ಮ ಕಟ್ಟಡದ ಹಿಂಗೋಡೆಗೂ ನಮ್ಮ ಕಿಟಕಿಗೂ ನಡುವೆ ಇರುವುದು ಸೈಕಲ್ ತಿರುಗಿಸಲೂ ಆಗದ ಒಂದು ಓಣಿ. ಆ ಗೋಡೆಗೆ ಸಾಲಾಗಿ ತೂಗುಹಾಕಿರುವ ತಮ್ಮ ಎ.ಸಿ. ಪೆಟ್ಟಿಗೆಗಳು ಬೆಳಗ್ಗೆ ಬಾಗಿಲು ತೆರೆದಾಗಿನಿಂದ ಸಂಜೆ ಬೀಗ ಬೀಳುವವರೆಗೆ ನಮ್ಮ ಮುಖಕ್ಕೇ ಬಿಸಿಗಾಳಿ ಊದುತ್ತವೆ.

ನಾನು ಮೇಣದಬತ್ತಿ ಮಾಡಿ ಮಾರುವವಳು. ಮಧ್ಯಾಹ್ನದ ಹೊತ್ತಿಗೆ ನನ್ನ ಬತ್ತಿಗಳೆಲ್ಲ ತಮ್ಮ ಕಚೇರಿಯ ಕಡೆ ತಲೆಬಾಗಿ ನಿಂತಿರುತ್ತವೆ. ಸರ್ಕಾರಕ್ಕೆ ಇಷ್ಟು ವಿನಯ ತೋರಿಸುವ ಪ್ರಜೆಗಳು ತಮಗೆ ಬೇರೆಲ್ಲೂ ಸಿಗಲಿಕ್ಕಿಲ್ಲ. ನಮ್ಮ ಯಜಮಾನರಿಗೆ ಮಾತ್ರ ಇದರಿಂದ ಬೇಸರವಿಲ್ಲ. ಒದ್ದೆ ಬಟ್ಟೆಯನ್ನು ಕಿಟಕಿಗೆ ನೇತುಹಾಕಿ, ಒಂದು ಲೋಟ ಕಾಫಿ ಮುಗಿಸುವಷ್ಟರಲ್ಲಿ ಗರಿಗರಿಯಾಗಿ ತೆಗೆಯುತ್ತಾರೆ. "ಸರ್ಕಾರದಿಂದ ನಮಗೆ ಸಿಕ್ಕಿರೋ ಸೌಲಭ್ಯ ಇದೊಂದೇ ಕಣೇ, ಅದಕ್ಕೂ ಕಲ್ಲು ಹಾಕ್ಬೇಡ" ಎನ್ನುತ್ತಾರೆ.

ಬತ್ತಿ ಬಾಗಿದರೆ ಕರಗಿಸಿ ಮತ್ತೆ ಎರಕ ಹೊಯ್ಯಬಹುದು. ಮೊಮ್ಮಗಳ ವಿಷಯದಲ್ಲಿ ಏನು ಮಾಡಲಿ? ಮಗಳು ಕೆಲಸಕ್ಕೆ ಹೋಗುವಾಗ ವರ್ಷ ತುಂಬದ ಕೂಸನ್ನು ನನ್ನ ಬಳಿ ಬಿಟ್ಟುಹೋಗುತ್ತಿದ್ದಳು. ಕಳೆದ ತಿಂಗಳು ಅದರ ಮೈತುಂಬ ಬೆವರುಸಾಲೆ ಎದ್ದಿತು. "ಅಮ್ಮಾ, ಬೇಜಾರು ಮಾಡ್ಕೋಬೇಡ. ತಂಪಾಗಿರೋ ಜಾಗ ಎಲ್ಲಾದ್ರೂ ಇದ್ರೆ ಹೇಳು, ಅಲ್ಲೇ ತಂದು ನಿನ್ ಕೈಗೆ ಕೊಡ್ತೀನಿ. ಈ ಮನೇಲಿ ಮಾತ್ರ ಬೇಡ" ಎಂದು ಎತ್ತಿಕೊಂಡು ಹೋದಳು. ಈಗ ಕೂಸು ಶಿಶುವಿಹಾರದಲ್ಲಿ ಯಾರದೋ ತೊಡೆಯ ಮೇಲೆ ನಿದ್ದೆ ಮಾಡುತ್ತಿದೆ. ಮನೆ ಬಿಕೋ ಎನ್ನುತ್ತಿದೆ, ನನಗೆ ಸಂಕಟವಾಗುತ್ತಿದೆ.

ದೂರು ಕೊಡಲು ತಮ್ಮಲ್ಲಿಗೆ ಬಂದಿದ್ದೆ. ರಸ್ತೆಯ ಟಾರು ಚಪ್ಪಲಿಗೆ ಅಂಟುತ್ತಿತ್ತು. ಒಳಗೆ ನೋಡಿದರೆ ಗುಮಾಸ್ತರು ಸ್ವೆಟರ್ ತೊಟ್ಟು ಮೂಗು ಒರೆಸಿಕೊಳ್ಳುತ್ತಿದ್ದರು. ತಾವು ಶಾಲು ಹೊದ್ದು, ವಾತಾವರಣಕ್ಕೆ ಮನುಷ್ಯನಿಂದಾಗುತ್ತಿರುವ ಹಾನಿಯ ಕುರಿತ ಸಭೆಯಲ್ಲಿದ್ದಿರಿ. ಆ ಮನುಷ್ಯ ಯಾರೆಂದು ಸಭೆಗೆ ಗೊತ್ತಾಯಿತೇ? ಹೊರಗೆ ಸೆಕೆ ಏರಿದಷ್ಟೂ ತಾವು ಯಂತ್ರ ಜೋರು ಮಾಡುತ್ತೀರಿ, ಯಂತ್ರ ಜೋರಾದಷ್ಟೂ ಹೊರಗೆ ಸೆಕೆ ಏರುತ್ತದೆ. ಅದಕ್ಕೆ ಬೇಕಾದ ವಿದ್ಯುತ್ತಿಗಾಗಿ ಇನ್ನೆಲ್ಲೋ ಕಲ್ಲಿದ್ದಲು ಉರಿದು ಆಕಾಶಕ್ಕೆ ಹೊಗೆ ಏಳುತ್ತದೆ. ಈ ಸೆಕೆ ಯಾಕೆ ಹೆಚ್ಚಾಯಿತೆಂದು ಚರ್ಚಿಸಲು ಮತ್ತೊಂದು ಸಭೆ. ಆ ಸಭೆಗೂ ಎ.ಸಿ. ಬೇಕಲ್ಲವೇ?

ನನ್ನ ಆ ದೂರಿನ ಮೇಲೆ ತಾವು ಪರಿಶೀಲನೆಗೆ ಬಂದದ್ದನ್ನು ನಾನು ಮರೆತಿಲ್ಲ. ಒಬ್ಬಿಬ್ಬರಲ್ಲ, ಇಡೀ ಕಚೇರಿಯೇ ಬಂತು. ಹೊರಡುವಾಗ ವಿದ್ಯುತ್ ಉಳಿತಾಯದ ಸುತ್ತೋಲೆಗೆ ವಿಧೇಯರಾಗಿ ಎಲ್ಲ ಎ.ಸಿ.ಗಳನ್ನೂ ಆರಿಸಿ ಬಂದಿದ್ದಿರಿ. ನಾನು ಕಿಟಕಿಯಲ್ಲಿ ಹೊಸ ಬತ್ತಿಯೊಂದನ್ನು ನಿಲ್ಲಿಸಿದೆ. ತಾವೆಲ್ಲ ಸುತ್ತ ನಿಂತು ನೋಡಿದಿರಿ. ಅದು ಅಲುಗಾಡದೆ ನೆಟ್ಟಗೆ ನಿಂತುಬಿಟ್ಟಿತು.

"ಏನಮ್ಮಾ, ಚೆನ್ನಾಗೇ ಇದೆಯಲ್ಲ. ತಣ್ಣಗೆ ಗಾಳಿ ಬೇರೆ ಬರ್ತಾ ಇದೆ" ಎಂದಿರಿ.

"ನೀವೆಲ್ಲ ಇಲ್ಲಿದ್ದೀರಲ್ಲ ಸಾರ್, ಅದಕ್ಕೇ" ಎಂದೆ.

ತಾವು ಅದನ್ನು ಹೊಗಳಿಕೆ ಎಂದುಕೊಂಡು ನಕ್ಕಿರಿ. ಮರುದಿನ ವರದಿ ಬಂತು: "ಬಿಸಿಗಾಳಿ ಕಂಡುಬಂದಿಲ್ಲ. ಅಗತ್ಯವಿದ್ದಲ್ಲಿ ದೂರುದಾರರು ಕಿಟಕಿ ಮುಚ್ಚಿಕೊಳ್ಳತಕ್ಕದ್ದು." ಆದರೆ ಪರಿಶೀಲನೆಯ ದಿನವೇ, ತಾವು ಹಿಂತಿರುಗಿ ಸ್ವಿಚ್ ಒತ್ತಿದ ಸ್ವಲ್ಪ ಹೊತ್ತಿಗೇ ಆ ಬತ್ತಿ ಸೊಂಟ ಮುರಿದುಕೊಂಡಿತ್ತು. ಅದನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ಸ್ವೆಟರ್ ಬಿಚ್ಚುವ ಮಟ್ಟಿಗಾದರೂ ಎ.ಸಿ. ತಗ್ಗಿಸಿ. ಉಳಿದ ಬಿಸಿಯನ್ನು ತಮ್ಮ ಕಾರು ನಿಲ್ಲುವ ಅಂಗಳದ ಕಡೆ ತಿರುಗಿಸಿ. ಆಗದೆಂದರೆ ಜಗಳವಿಲ್ಲ. ತಂಪಾದ ಜಾಗ ಹೇಳು ಎಂದಿದ್ದಳಲ್ಲ ಮಗಳು, ಹೇಳಿದ್ದೇನೆ. ತಮ್ಮ ಬಾಗಿಲ ಫಲಕದಲ್ಲಿ "ಸಾರ್ವಜನಿಕರ ಭೇಟಿಗೆ ಮಧ್ಯಾಹ್ನ ಮೂರರಿಂದ ಐದು" ಎಂದಿದೆ. ನನ್ನ ಮೊಮ್ಮಗಳೂ ಸಾರ್ವಜನಿಕರಲ್ಲಿ ಒಬ್ಬಳು. ಇನ್ನು ದಿನವೂ ಆ ಹೊತ್ತಿಗೆ ಚಾಪೆ, ಗಿಲಕಿ, ಹಾಲಿನ ಬಾಟಲಿ ಸಮೇತ ಭೇಟಿಗೆ ಬರುತ್ತೇವೆ. ಮಗಳು ಒಪ್ಪಿದ್ದಾಳೆ. "ಆದ್ರೆ ಅಲ್ಲಿ ಚಳಿ ಜಾಸ್ತಿ ಅಮ್ಮಾ, ಮಗೂಗೆ ಶೀತ ಆದೀತು" ಎಂಬುದೊಂದೇ ಅವಳ ಚಿಂತೆ.

ಅದಕ್ಕೇ ಈ ಸುಡುಬೇಸಿಗೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಕೂಸಿಗೊಂದು ಉಣ್ಣೆಯ ಸ್ವೆಟರ್ ಹೆಣೆಯುತ್ತಿದ್ದೇನೆ. ಒಂದು ತೋಳು ಮುಗಿದಿದೆ. ಇನ್ನೊಂದು ಮುಗಿಯುವಷ್ಟರಲ್ಲಿ ಉತ್ತರ ಕೊಡಿ.

ಇಂತಿ,
ತಮ್ಮ ತಂಪಿಗೆ ತನ್ನ ಕಿಟಕಿ ಕೊಟ್ಟು ಕೂತಿರುವ,
ಹಿಂಬದಿ ಮನೆಯ ಅಜ್ಜಿ