ಹಳದಿ ಗೋಡೆ

ಅಯಿನೆ ಅಣ್ಣನಿಗೆ,

ಸಿರಿಗುವಿನಿಂದ ತಂಗಿ ಅತಂಪೋಕ ಬರೆಯುವುದು. ನಮ್ಮ ಗೋಡೆಗೆ ಬಣ್ಣ ಬಳಿಯಲು ನೀನು ಆಕ್ರಾದಲ್ಲಿ ಕೂತು ಒಪ್ಪಿಗೆ ಕೊಟ್ಟೆಯಲ್ಲ, ಆ ಫೋನ್ ಕಂಪನಿಯವರು ಸಂತೆಯ ದಿನ ಬಂದು ನಮ್ಮ ಪುಟ್ಟ ಅಂಗಳವನ್ನು ಚಂದ ಮಾಡಿ ಹೋದರು. ಅವ್ವ ಗೋಡೆಯ ಮೇಲೆ ಮಣ್ಣಿನಲ್ಲಿ ಉಬ್ಬಿಸಿದ್ದ ಹೆಬ್ಬಾವನ್ನು ಉಳಿಯಿಂದ ಕೆತ್ತಿ ಸಪಾಟು ಮಾಡಿ, ಹಳದಿ ಎಣ್ಣೆಬಣ್ಣ ಬಳಿದು, ತಮ್ಮ ಹೆಸರು ಬರೆದಿದ್ದಾರೆ. ಆ ನಾತಕ್ಕೆ ನನಗೆ ತುತ್ತು ಇಳಿಯುತ್ತಿಲ್ಲ.

ಕಣ್ಣು ಹೋದ ಮೇಲೆ ಅವ್ವ ಆ ಹಾವಿನ ಬೆನ್ನು ಸವರಿಕೊಂಡೇ ಕೋಣೆಯಿಂದ ಒಲೆಯವರೆಗೆ ಬರುತ್ತಿದ್ದಳು. ಇದು ನಿನಗೆ ಗೊತ್ತಿತ್ತು. ಮರುದಿನ ಗೋಡೆ ಮುಟ್ಟಿದವಳು ಬೆರಳು ಮೂಸಿ ನೋಡಿ, "ಥೂ, ಇದ್ಯಾರ ಮನೆಯೇ? ನನ್ನನ್ನ ನಮ್ಮನೆಗೆ ಕರ್ಕೊಂಡು ಹೋಗು" ಅಂದಳು. ಎಷ್ಟು ಹೇಳಿದರೂ ನಂಬಲಿಲ್ಲ. ಈಗ ಪಕ್ಕದ ಮನೆಯಲ್ಲಿ ಚಿಕ್ಕಮ್ಮನ ಜೊತೆ ಇದ್ದಾಳೆ. "ಕಣ್ಣಿಲ್ಲದ್ದೇ ಪುಣ್ಯ ಬಿಡು, ಈ ಹಳದೀನ ನೋಡೋ ಪಾಡು ತಪ್ತು" ಎಂದು ಚಿಕ್ಕಮ್ಮ ಓಣಿಗೆಲ್ಲ ಕೇಳುವಂತೆ ಹೇಳುತ್ತಾಳೆ.

ನಾವು ಹೆಂಗಸರು ಕೆಮ್ಮಣ್ಣಿಗೆ ಸೆಗಣಿ ಕಲಸಿ ಮೆತ್ತಿ ನೋಡಿದೆವು. ಎಣ್ಣೆಬಣ್ಣದ ಮೇಲೆ ಮಣ್ಣು ನಿಲ್ಲುವುದಿಲ್ಲ, ಒಣಗುತ್ತಲೇ ಉದುರುತ್ತದೆ. ಬಣ್ಣ ಕೆರೆಯಲೇಬೇಕು. ಗೋಡೆ ಎಬ್ಬಿಸುವುದು ಗಂಡಸರ ಕೆಲಸ, ಚಿತ್ರ ಬರೆಯುವುದು ನಮ್ಮ ಕೆಲಸ ಎಂದು ಊರಿನ ಪದ್ಧತಿ. ಹೇಸಿಗೆ ಕೆರೆಯುವುದು ಯಾರ ಕೆಲಸವೆಂದು ಹಿರಿಯರು ಹೇಳಿಲ್ಲ, ಆದ್ದರಿಂದ ಅದನ್ನು ನಿನಗೆ ಬಿಟ್ಟಿದ್ದೇನೆ. ಮಳೆ ಹಿಡಿಯುವ ಮೊದಲು ಬಾ. ಕೆರೆಯಲು ಅಗಲವಾದ ಕಬ್ಬಿಣದ ಪಟ್ಟಿ ತಾ. ಒಪ್ಪಿಗೆಗೆ ಬದಲಾಗಿ ಕಂಪನಿಯವರು ನಿನಗೆ ಕೊಟ್ಟ ಟೋಪಿ, ಛತ್ರಿ ಯಾವುದನ್ನೂ ತರಬೇಡ.

"ಅಯಿನೆಗೆ ಕಾಗದ ಬರೀತಿದೀನಿ, ಏನಾದ್ರೂ ಹೇಳ್ಬೇಕಾ?" ಎಂದು ಅವ್ವನನ್ನು ಕೇಳಿದೆ.

"ಯಾವ ಅಯಿನೆ?" ಅಂದಳು.

ನಿನ್ನ ತಂಗಿ,
ಅತಂಪೋಕ