ಮ್ಯಾಂಚೆಸ್ಟರಿನ ಸನ್ಮಾನಕ್ಕೆ ನಾನು ಬರುವುದಿಲ್ಲ

ಎಜ್‌ಬಾಸ್ಟನ್, ಬರ್ಮಿಂಗ್‌ಹ್ಯಾಮ್
೧೬ ಅಕ್ಟೋಬರ್ ೨೦೧೬

ತಮ್ಮ ಮೃತ್ಯುಂಜಯನಿಗೆ, ಅಕ್ಕನ ಶರಣು.

ನಾವೆಲ್ಲ ಆರಾಮವಾಗಿದ್ದೇವೆ. ನಿನ್ನ ಪತ್ರ ಬಂದು ಬಹಳ ದಿನವಾಯಿತು. ತಡವಾದದ್ದಕ್ಕೆ ಆಸ್ಪತ್ರೆಯ ಡ್ಯೂಟಿ ಪಟ್ಟಿಯನ್ನು ದೂರಬಹುದಿತ್ತು, ಆದರೆ ಅದು ನಿಜವಲ್ಲ. ಬರೆಯಲು ಕೂತಾಗೆಲ್ಲ ಸಿಟ್ಟು ಬಂದು ಎದ್ದು ಹೋಗುತ್ತಿದ್ದೆ. ಈಗಲೂ ಇಳಿದಿಲ್ಲ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಕ್ಷಮಿಸು.

ಚೀನೀ ಭಾಷೆಯ ಸಿನಿಮಾಕ್ಕೆ ನೀನು ಕೊಟ್ಟ ಕೊಡುಗೆಗಾಗಿ ಮ್ಯಾಂಚೆಸ್ಟರಿನಲ್ಲಿ ನಿನಗೆ ಸನ್ಮಾನ, ಮನೆಯವರ ಪರವಾಗಿ ನಾನು ನಾಲ್ಕು ಮಾತಾಡಬೇಕು ಎಂದು ಕೇಳಿದ್ದೀಯ. ನಾನು ಬರುವುದಿಲ್ಲ.

ನಿನ್ನ ಕೆಲಸ ಸಣ್ಣದು ಎನ್ನುತ್ತಿಲ್ಲ. ಎಂಜಿನಿಯರಿಂಗ್ ಓದಲು ಬಂದವನು ಮ್ಯಾಂಡರಿನ್ ಕಲಿತೆ. ತೈವಾನ್, ಹಾಂಕಾಂಗಿನ ಹೆಸರಿಲ್ಲದ ನಿರ್ದೇಶಕರ ಬಗ್ಗೆ ಇಲ್ಲಿಯ ಪತ್ರಿಕೆಗಳಲ್ಲಿ ಬರೆದು ಬರೆದು ಜನ ತಿರುಗಿ ನೋಡುವಂತೆ ಮಾಡಿದೆ. ಲೀಡ್ಸ್‌ನ ಚಳಿಯಲ್ಲಿ ಖಾಲಿ ಕುರ್ಚಿಗಳ ಮುಂದೆ ನಿಂತು ಅವರ ಚಿತ್ರಗಳನ್ನು ಪರಿಚಯಿಸಿದೆ. ಲಿನ್ ಷು-ಫೆನ್ ಎಂಬ ಹುಡುಗಿಯ ಮೊದಲ ಚಿತ್ರ ಅರ್ಧಕ್ಕೆ ನಿಂತಾಗ ನೀನೇ ನಿರ್ಮಾಪಕನಾಗಿ ಮುಗಿಸಿಕೊಟ್ಟೆ. ಇದನ್ನೆಲ್ಲ ಬೇರೆ ಯಾರಾದರೂ ಹೇಳಲಿ. ನನ್ನ ಬಾಯಿಂದ ಬರುವುದಿಲ್ಲ.

ನೀನೇ ನಿರ್ಮಿಸಿದ ಆಕೆಯ ಹೊಸ ಚಿತ್ರದ ಮೊದಲ ಪ್ರದರ್ಶನಕ್ಕೆ ನಮ್ಮನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದೆಯಲ್ಲ, ಮುಂಚೆ ಒಂದು ಮಾತು ಹೇಳಬಾರದಿತ್ತೇ? ತೈವಾನಿನ ತೈನಾನ್ ಊರಿನ ಯಾರೋ ಮುದುಕಿ ಮಗನ ಮನೆಯಲ್ಲಿ ಸಾಯುತ್ತಿದ್ದಾಳೆ ಎಂದುಕೊಂಡು ನೋಡುತ್ತಿದ್ದೆ. ಆಕೆ ಚಹಾ ಆರಿದೆಯೆಂದು ವಾಪಸು ಕಳಿಸಿದಳು. ನರ್ಸಿನ ಗಲ್ಲ ಹಿಡಿದು ಮದುವೆಯಾಗಿದೆಯೇ ಎಂದು ಕೇಳಿದಳು. ಎಡ ಅಂಗೈಯಲ್ಲಿ ಹಸಿರು ಕಲ್ಲೊಂದನ್ನು ಇಟ್ಟುಕೊಂಡು ಅದನ್ನೇ ದಿಟ್ಟಿಸುತ್ತ ಕೂತಳು. ಇಷ್ಟಲಿಂಗದ ಜಾಗದಲ್ಲಿ ಕಲ್ಲು ಇಟ್ಟುಬಿಟ್ಟರೆ ನನಗೆ ಅವ್ವನ ಗುರುತು ಸಿಗುವುದಿಲ್ಲವೇ? ನನಗಿಂತ ಮೊದಲು ನನ್ನ ಮಗಳು ಶರ್ವಾಣಿಯೇ ತೋಳು ಹಿಡಿದು, "ಮಮ್, ದಟ್ಸ್ ಅಜ್ಜಿ" ಎಂದಳು.

ಧಾರವಾಡದಿಂದ ಅವ್ವನನ್ನು ಕರೆಸಿ ಇಲ್ಲಿ ಚಿಕಿತ್ಸೆ ಕೊಡಿಸಿದವಳು ನಾನು. ಅರ್ಧದಲ್ಲೇ ನಿನ್ನ ಮನೆಗೆ ಹೋಗುತ್ತೇನೆಂದು ಹಟ ಹಿಡಿದಳು, ಕಳಿಸಿದೆ. ಸಿನಿಮಾಕ್ಕೆಂದು ಕಳಿಸಿರಲಿಲ್ಲ.

ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾಗ ನೀನು ಓಡಿ ಬಂದು, "ಅಕ್ಕಾ, ಹೆಂಗಿತ್ತು? ಅವ್ವ ಕಂಡ್ಳಿಲ್ಲೋ?" ಎಂದೆ. ಎಂಥ ಸಂಭ್ರಮ ನಿನಗೆ!

"ಯಾರನ್ನ ಕೇಳಿ ಕೊಟ್ಟಿ ಅವ್ವನ್ನ?" ಎಂದೆ ನಾನು.

"ನನ್ನ ದುಃಖಾನೂ ಹೌದಲ್ಲ ಅಕ್ಕಾ. ಅಳಾಕ ನನಗ ಗೊತ್ತಿರೋ ಜಾಗಾ ಇದೊಂದ."

ಅಳುವ ಜಾಗಕ್ಕೆ ಟಿಕೆಟ್ ಇಡುತ್ತಾರೇನೋ? ಮನೆಯ ಸಾವನ್ನು ತೆರೆಯ ಮೇಲೆ ಹರಡಿ ಕಣ್ಣೀರು ಕೀಳುವುದು ಸೋಮಾರಿತನ ಎಂದು ಬೇರೊಬ್ಬರ ಚಿತ್ರಕ್ಕೆ ಛೀಮಾರಿ ಹಾಕಿ ಬರೆದವನು ನೀನೇ. ನಿನ್ನದೇ ಚಿತ್ರ ಮಾಡುವಾಗ ಆ ವಿಮರ್ಶಕ ಎಲ್ಲಿ ಹೋಗಿದ್ದ? ಲಿನ್ ನಿನ್ನ ಪಕ್ಕ ನಿಂತು ನನಗೆ ತಲೆಬಾಗಿ ನಮಸ್ಕರಿಸಿದಳು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ನೀನು ಹೇಳದಿದ್ದರೆ ಆಕೆಗೆ ಅವ್ವ ಹೇಗೆ ಗೊತ್ತಾಗಬೇಕು? ನಾನು ಹೊರಗೆ ಬಂದು ಕಾರು ಹತ್ತಿದೆ.

"ಇರೋನು ಒಬ್ಬ ತಮ್ಮ, ಹೋಗಿ ಬಾ" ಎಂದು ನಿನ್ನ ಭಾವ ದಿನವೂ ಹೇಳುತ್ತಿದ್ದಾರೆ. ಸನ್ಮಾನಕ್ಕೆ ಅವರೇ ಶರ್ವಾಣಿಯನ್ನು ಕರೆದುಕೊಂಡು ಬರುತ್ತಾರೆ. ಮೀನು, ಮಾಂಸ ಸೋಕದ ಊಟ ಇಡಲು ಹೇಳು. ನನ್ನ ಕುರ್ಚಿ ಖಾಲಿ ಇರಲಿ. ಯಾರಾದರೂ ಕೇಳಿದರೆ ಅಕ್ಕನಿಗೆ ಡ್ಯೂಟಿ ಇತ್ತು ಎಂದು ಸುಳ್ಳು ಹೇಳಬೇಡ. ಬರಲು ಮನಸ್ಸಿರಲಿಲ್ಲ ಎಂದೇ ಹೇಳು.

ಹರಸದೆ ಪತ್ರ ಮುಗಿಸುವುದನ್ನು ಅವ್ವ ನನಗೆ ಕಲಿಸಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ: ನಿನಗೆ ಒಳ್ಳೆಯದಾಗಲಿ.

ನಿನ್ನ ಅಕ್ಕ,
ಭಾಗ್ಯಶ್ರೀ

ತಾ.ಕ.: ಅವ್ವ ನಿನ್ನ ಮನೆಯಲ್ಲಿ ತೀರಿಕೊಂಡ ದಿನ ನಾನು ಇಲ್ಲಿ ವಾರ್ಡಿನಲ್ಲಿ ಡ್ಯೂಟಿಯಲ್ಲಿದ್ದೆ. ಎಲ್ಲ ಮುಗಿದ ಮೇಲೆ ನೀನು ಫೋನ್ ಮಾಡಿ, "ನಿದ್ದಿಯೊಳಗ ಹೋದ್ಲು ಅಕ್ಕಾ, ಏನೂ ಮಾತಾಡ್ಲಿಲ್ಲ" ಎಂದಿದ್ದೆ. ಚಿತ್ರದಲ್ಲಿ ಮಗ, ನನ್ನಂತೆಯೇ ಡಾಕ್ಟರಾಗಿರುವ ತನ್ನ ಅಕ್ಕನಿಗೆ ಫೋನ್ ಮಾಡಲು ಹೋದಾಗ ಮುದುಕಿ ಅವನ ಕೈ ಹಿಡಿದು ತಡೆಯುತ್ತಾಳೆ. ಇಂಗ್ಲಿಷ್ ಸಬ್‌ಟೈಟಲ್ ಓದುತ್ತಿದ್ದರೂ ನನಗೆ ಕೇಳಿಸಿದ್ದು ಅವ್ವನ ದನಿ: "ಅಕಿನ್ನ ಕರೀಬ್ಯಾಡೋ. ಅಕಿ ಬಂದ್ರ ಮತ್ತ ಸೂಜಿ ಚುಚ್ಚತಾಳ, ನನ್ನ ಹೋಗಾಕ ಬಿಡೂದಿಲ್ಲ." ಆ ಮಾತು ಲಿನ್ ಬರೆದದ್ದೋ, ಅವ್ವ ಆಡಿದ್ದೋ? ಬೇರೆ ಯಾವುದಕ್ಕೂ ಉತ್ತರ ಬೇಡ, ಇದೊಂದನ್ನು ತಿಳಿಸು. ಫೋನ್ ಮಾಡಬೇಡ, ಬರೆ. ನಿನ್ನ ಬಾಯಿಂದ ಕೇಳುವ ಧೈರ್ಯ ನನಗಿಲ್ಲ.