ಚೂಟಿಯ ಜನ

ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಅತ್ತೆಯವರಿಗೆ,

ನಮಸ್ಕಾರ. ನಿಮ್ಮ ಅಳಿಯನನ್ನು ಮದುವೆಯಾದ ಮೇಲೆ ಅವರು ಕರೆಯುವಂತೆ ನಾನೂ ಅತ್ತೆ ಎನ್ನುತ್ತಿದ್ದೇನೆ, ಬೇಸರವಾದರೆ ಹೇಳಿಬಿಡಿ. ಕಾಗದ ತಡವಾಯಿತು. ಲಾಂಡ್ರಿಯಲ್ಲಿ ಆಸ್ಪತ್ರೆಯ ಹೊದಿಕೆಗಳು ರಾಶಿ ಬಿದ್ದು, ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ.

ನಿಮ್ಮ ಮೊಮ್ಮಗಳು ಚೂಟಿ ಚೆನ್ನಾಗಿದ್ದಾಳೆ. ಮುಂದಿನ ಹಲ್ಲು ಕೀಳಿಸಿದ್ದಾಯಿತು, ಬಾಯಿಗೆ ಮಾತ್ರ ಬಿಡುವಿಲ್ಲ.

ಅವಳ ಶಾಲೆಯ ಗೇಟಿನಲ್ಲಿ ಒಂದು ಕಟ್ಟುನಿಟ್ಟು. ಕರೆದೊಯ್ಯಲು ಬಂದವರು ಯಾರೆಂದು ಮಗುವೇ ಹೇಳಬೇಕು, ಆಮೇಲೇ ಬಿಡುವುದು. ನಾನು ಮೊದಲ ಸಲ ಹೋದಾಗ ಕಾವಲುಗಾರ, "ಇವರು ನಿಂಗೆ ಏನಾಗ್ಬೇಕಮ್ಮ?" ಅಂದ. ಚೂಟಿ ತುಂಬ ಯೋಚಿಸಿ, "ನಮ್ಮನೇಲಿ ಇರ್ತಾರೆ" ಅಂದಳು.

"ಹಲ್ಲೀನೂ ಇರತ್ತೆ ಮನೇಲಿ. ಅದ್ರ ಜೊತೆ ಕಳಿಸ್ಲಾ?" ಎಂದು ಅವನು ನಕ್ಕ. ನಾನೂ ನಕ್ಕೆ. ಒಳಗೆ ಮಾತ್ರ ಚುರುಕ್ ಅಂದಿತು. ಕೊನೆಗೆ ಅವಳಪ್ಪನೇ ಕೆಲಸ ಬಿಟ್ಟು ಬರಬೇಕಾಯಿತು.

ಅಂದಿನಿಂದ ನಾನು ಇಸ್ತ್ರಿ ಮಾಡುವಾಗ ಅವಳನ್ನು ಬಟ್ಟೆಗಂಟಿನ ಮೇಲೆ ಕೂರಿಸಿಕೊಂಡು, "ನಿನ್ನ ಜನ ಯಾರ್ಯಾರೇ?" ಎಂದು ಕೇಳತೊಡಗಿದೆ. "ಅಪ್ಪ, ಅಜ್ಜಿ. ಅಷ್ಟೇ."

"ಬೆಳಗ್ಗೆ ನೀನು ಓಡಿ ಬರೋವರೆಗೂ ಬಸ್ಸು ನಿಲ್ಸೋರು?"

"ಅವ್ರೂ ನನ್ನೋರಾ?"

"ಮತ್ತಿನ್ನೇನು?"

ಹೀಗೆ ಅವಳ ಪಟ್ಟಿಗೆ ಬಸ್ಸಿನವರು ಬಂದರು, ಪೆನ್ಸಿಲ್ ಚೂಪು ಮಾಡಿಕೊಡುವ ಮಹಡಿಮನೆಯ ತಾತ ಬಂದರು, ಅತ್ತಾಗ ಕಾರಣ ಕೇಳದೆ ಪಕ್ಕದಲ್ಲಿ ಕೂರುವ ಟೀಚರ್ ಬಂದರು. ಹಲ್ಲು ಕಿತ್ತ ಡಾಕ್ಟರಿಗೆ ಮಾತ್ರ ಸುತರಾಂ ಜಾಗವಿಲ್ಲ. ಒಂದು ದಿನ, "ಸತ್ತೋರೂ ನನ್ನೋರೇನಾ?" ಅಂದಳು. "ಎಲ್ಲರಿಗಿಂತ ಮೊದಲು ಅವರೇ ಕಣೇ" ಅಂದೆ. ನಿಮ್ಮ ಮಗಳ ಫೋಟೋವನ್ನು ಅವಳ ಮಂಚದ ಬಳಿಗೇ ತಂದು ಹಾಕಿದ್ದೇನೆ.

ಈಗ ಗೇಟಿನಲ್ಲಿ ನನ್ನತ್ತ ಬೆರಳು ತೋರಿಸಿ, "ನನ್ನೋರು" ಅನ್ನುತ್ತಾಳೆ. ಮೊದಲ ದಿನ ಅದನ್ನು ಕೇಳಿ ನನಗೆ ಅಳು ಬಂತು, ಅತ್ತೆ. ಆದರೂ ನನ್ನನ್ನು ಏನೆಂದೂ ಕರೆಯುವುದಿಲ್ಲ. ಬೇಕಾದಾಗ ಬಂದು ಬಟ್ಟೆ ಹಿಡಿದು ಜಗ್ಗುತ್ತಾಳೆ.

ಮಂಡಿನೋವಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡಿ. ನಮ್ಮ ಮೂವರ ಮೇಲೂ ನಿಮ್ಮ ಆಶೀರ್ವಾದವಿರಲಿ.

ಇಂತಿ ನಿಮ್ಮ,
ಲಾಂಡ್ರಿಯವಳು

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಉಳಿದದ್ದು. ನೀವು ಊರಿಗೆ ಹೊರಟಾಗ ಅವಳನ್ನು ತಬ್ಬಿಕೊಂಡು, "ಇನ್ಯಾರನ್ನೂ ಅಮ್ಮ ಅನ್ಬೇಡ ಕಂದಾ" ಅಂದದ್ದು ನನಗೂ ಕೇಳಿಸಿತ್ತು. ಮಗಳನ್ನು ಕಳೆದುಕೊಂಡವರ ಸಂಕಟ ಅದು, ನಾನು ತಪ್ಪು ತಿಳಿದಿಲ್ಲ. ನಿನ್ನೆ ಲಾಂಡ್ರಿಯ ಒದ್ದೆ ನೆಲದಲ್ಲಿ ಚೂಟಿ ಜಾರಿಬಿದ್ದು, ನನ್ನ ಕಡೆಗೇ ಕೈಚಾಚಿ "ಅಮ್ಮಾ" ಎಂದು ಕೂಗಿದಳು. ಎತ್ತಿಕೊಂಡೆ. ಕತ್ತು ಗಟ್ಟಿಯಾಗಿ ಹಿಡಿದುಕೊಂಡವಳು, ತಟ್ಟನೆ ತನ್ನ ಬಾಯಿಗೆ ಕೈ ಅಡ್ಡವಿಟ್ಟು, "ಬಾಯ್ತಪ್ಪಿ ಬಂತು, ಅಜ್ಜಿಗೆ ಹೇಳ್ಬೇಡಿ" ಎಂದು ಬಿಕ್ಕಿ ಬಿಕ್ಕಿ ಅತ್ತಳು. ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಮಾತು ತಪ್ಪಿದ್ದೇನೆ, ಅತ್ತೆ. ಅವಳು ನನ್ನನ್ನು ಏನೆಂದಾದರೂ ಕರೆಯಲಿ, ಏನೂ ಕರೆಯದೆಯೂ ಇರಲಿ. ಆ ಹೆದರಿಕೆಯನ್ನು ಮಾತ್ರ ನೀವೇ ಬಂದು ಬಿಡಿಸಬೇಕು.